ಅವಳ ಸಂಬಳ ಕೇಳಿದವರು ತಮ್ಮದನ್ನು ಹೇಳಲಿಲ್ಲ

ನನ್ನ ಸೊಸೆಯ ಸಂಬಳವೆಷ್ಟೆಂದು ಕೇಳಿ ತಿಳಿದುಕೊಂಡವರು, ತಾವು ಕೊಡುವ ಸಂಬಳವೆಷ್ಟೆಂದು ಸಂದರ್ಶನಗಳೆಲ್ಲ ಮುಗಿಯುವವರೆಗೂ ಅವಳಿಗೆ ಹೇಳಲಿಲ್ಲ. ಇದು ಅನ್ಯಾಯ. ನಾನಿದನ್ನು ಮರೆತಿಲ್ಲ, ಮರೆಯುವವನೂ ಅಲ್ಲ.

ಅವಳು ಬೂದಿಗೆರೆಯ ಬಳಿಯ ಗೋದಾಮೊಂದರಲ್ಲಿ ಬಿಲ್ ಬರೆಯುತ್ತಾಳೆ. ಹೊಸಕೋಟೆಯ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ಅಲ್ಲಿಗೆ ಎರಡು ಬಸ್ಸು ಹತ್ತಬೇಕು, ಮಗುವನ್ನು ಸಂಜೆಯವರೆಗೆ ಎಲ್ಲಾದರೂ ಬಿಡಬೇಕು. ಆ ಖರ್ಚು ಕಳೆದು ಕೈಯಲ್ಲಿ ಏನಾದರೂ ಉಳಿದೀತೆ ಎಂಬುದಷ್ಟೇ ಅವಳ ಚಿಂತೆ. ಮೊದಲ ಸಲ ಅವಳು ಸಂಬಳವೆಷ್ಟೆಂದು ಕೇಳಿದಾಗ, ಮುಂದಿನ ರೌಂಡಿನಲ್ಲಿ ಹೇಳುತ್ತೇವೆಂದರು. ಎರಡನೆಯ ಸಲ ಅವಳ ಸಂಬಳದ ಚೀಟಿಯನ್ನು ತರಿಸಿಕೊಂಡರು. ಮತ್ತೊಮ್ಮೆ ಕರೆದಾಗ, ರಜೆ ಹಾಕಿ ಹೊರಟವಳ ಜೊತೆ ನಾನೂ ಹೋದೆ.

ನಮ್ಮ ಕಡೆ ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಸುತ್ತ ನಿಂತವರಿಗೆ ಅದು ಗುಟ್ಟು. ಕೊಳ್ಳುವವನಿಗೂ ಮಾರುವವನಿಗೂ ಅಲ್ಲ. ಅಷ್ಟು ಮರ್ಯಾದೆ ಇಲ್ಲಿಯೂ ಇದ್ದೀತೆಂದು, ಹೊರಗೆ ಬಂದ ತರುಣ ಅಧಿಕಾರಿಯನ್ನು ಬದಿಗೆ ಕರೆದೆ. ಹೆಗಲ ಟವೆಲ್ಲನ್ನು ಅವನ ಕೈಮೇಲೆ ಹೊದಿಸಿದೆ.

"ಎಲ್ಲರ ಎದುರಿಗೆ ಬ್ಯಾಡ, ಬೆರಳು ಹಿಡಿದೇ ಹೇಳಿ ಸ್ವಾಮಿ, ಎಷ್ಟು ಕೊಡ್ತೀರಾ?"

ಅವನು ಕೈ ಕಿತ್ತುಕೊಂಡ. "ಏನ್ ತಾತಾ ಇದು! ಅದೆಲ್ಲ ಕಾನ್ಫಿಡೆನ್ಷಿಯಲ್."

"ದುಡಿಯೋಳಿಗೂನಾ?"

"ಎಷ್ಟು ಬೇಕು ಅಂತ ಅವರೇ ಹೇಳ್ಲಿ."

"ಅವಳ ಚೀಟಿ ನಿಮ್ಮ ಕೈಲೇ ಐತಲ್ಲಪ್ಪಾ, ಇನ್ನೇನು ಹೇಳೋದು?"

ಅವನು ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಅವನ ತಾತನಾಗುವಷ್ಟು ವಯಸ್ಸು ನನಗಾಗಿಲ್ಲ. ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಬಸ್ಸಿನಲ್ಲಿ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು: "ಧಾರೆ ಎರೆಯೋ ಹಂಗೆ ಅವನ ಕೈ ಹಿಡ್ಕೊಂಡ್ಬಿಟ್ರಲ್ಲ ಮಾವಾ!"

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಚೀಟಿ ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಕಾರ್ಖಾನೆಯವರು, ಅವಳನ್ನು ಒಂದು ಮಾತೂ ಕೇಳದೆ, ಗೋದಾಮಿಗೇ ಫೋನ್ ಮಾಡಿದ್ದರು. ಅವಳಿಗೆ ಆ ತಿಂಗಳು ಬಡ್ತಿ ಸಿಗುವುದಿತ್ತು. "ಹೋಗೋರಿಗೆ ಯಾಕಮ್ಮಾ ಬಡ್ತಿ?" ಎಂದ ಮಾಲೀಕ, ಅವಳೇ ಕೆಲಸ ಕಲಿಸಿದ್ದ ಹುಡುಗಿಗೆ ಅದನ್ನು ಕೊಟ್ಟ. ಆಮೇಲೆ ಹೊಸಕೋಟೆಯಿಂದ ಉತ್ತರ ಬಂತು: ಚೀಟಿಯಲ್ಲಿದ್ದಷ್ಟೇ ಸಂಬಳ, ಬಸ್ಸಿನ ಖರ್ಚು ಅವಳದೇ. ಅವಳು ಒಲ್ಲೆನೆಂದಳು. ಈಗ ತಾನು ಕಲಿಸಿದವಳ ಕೈಕೆಳಗೆ ತಲೆ ತಗ್ಗಿಸಿ ಕೂರುತ್ತಾಳೆ.

ಸಂದರ್ಶನ ನಡೆಸಿದ ಮಹನೀಯರೇ, ನೀವು ಕೊಡಲಿದ್ದ ಸಂಬಳ ನಿಮಗೆ ಮೊದಲ ದಿನವೇ ಗೊತ್ತಿತ್ತಲ್ಲವೆ? ಹಾಗಿದ್ದರೆ ಅವಳು ಕಳೆದುಕೊಂಡ ಬಡ್ತಿಗೆ ನಿಮ್ಮಲ್ಲಿ ಯಾರು ಹೊಣೆ?