ಕಾಲಿಗೆ ಪ್ಲಾಸ್ಟರು, ಬಾಯಿಗೆ ಸ್ತೋತ್ರ

ನಾನಿನ್ನೂ ಲಂಗ ಉಡುತ್ತಿದ್ದ ಹುಡುಗಿ. ಎಪ್ಪತ್ತರ ದಶಕದ ಒಂದು ಬೇಸಿಗೆಯನ್ನು ಪೂರ್ತಿ ಮಾನ್ವಿಯ ನಮ್ಮ ಮನೆಯ ಹೊರಸಿನ ಮೇಲೆ ಮಲಗಿಯೇ ಕಳೆದೆ. ಬೇವಿನ ಮರದಿಂದ ಬಿದ್ದು ಕಾಲು ಮುರಿದಿತ್ತು. ರಾಯಚೂರಿನ ದವಾಖಾನೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿ ಕಳಿಸಿದ್ದರು. ನಮ್ಮ ಕಡೆಯ ಬಿಸಿಲು, ಒಳಗೆ ತುರಿಕೆ, ಮೇಲೆ ನೊಣ. ಅಯ್ಯೋ, ವೈರಿಗೂ ಬೇಡ!

ಅಪ್ಪ ಸಣ್ಣ ಕ್ರೈಸ್ತ ಸಭೆಯೊಂದರ ಉಪದೇಶಿ. ದೇವರು ತನ್ನವರನ್ನೇ ಹೊಡೆದು ತಿದ್ದುತ್ತಾನೆ, ತಿದ್ದುವಾಗ ಗೊಣಗಬಾರದು ಎಂದು ಹಳೆ ಒಡಂಬಡಿಕೆ ತೆರೆದು ಬೋಧಿಸುವವನು. ಸಂಜೆಯಾದರೆ ಸಭೆಯ ಹಿರಿಯರು ಬಂದು ಹೊರಸಿನ ಸುತ್ತ ಕೂಡುತ್ತಿದ್ದರು. "ಏನು ತಪ್ಪು ಮಾಡೀದಿ ಯವ್ವಾ? ಒಪ್ಪಿಕೋ, ಕರ್ತನ ಸಿಟ್ಟು ಇಳೀತದ" ಎನ್ನುತ್ತಿದ್ದರು. ಎದ್ದು ಓಡೋಣವೆಂದರೆ ಕಾಲಿಲ್ಲ. ಅವರನ್ನು ಸಾಗಹಾಕಲು ಬೆಲ್ಲ ಕದ್ದೆ ಎಂದೆ, ಪ್ರಾರ್ಥನೆಯಲ್ಲಿ ತೂಕಡಿಸಿದೆ ಎಂದೆ. ಬೆಲ್ಲ ಕದ್ದಿರಲಿಲ್ಲ, ತೂಕಡಿಸಿದ್ದು ಮಾತ್ರ ನಿಜ.

ಆಮೇಲೆ ಪ್ಲಾಸ್ಟರು ಬಿಗಿದು ಕಾಲ್ಬೆರಳು ಊದಿ ನೀಲಿಗಟ್ಟಿದವು. ನೋವಿಗೆ ಚೀರಿದರೆ ಹಿರಿಯರು, "ಇನ್ನೂ ಏನೋ ಮುಚ್ಚಿಟ್ಟಾಳ" ಎಂದರು. ಅಪ್ಪನೂ, "ತಾಳ್ಕೋ ಯವ್ವಾ, ಹೊಡದ ಕೈ ಆತ ತಾನ ತೆಗೀತಾನ" ಎಂದ. ರಾಯಚೂರಿಗೆ ಕರೆದೊಯ್ಯುವ ಮಾತೇ ಇಲ್ಲ. ನನಗೋ ಭಯ. ನನ್ನ ಕಾಲು ಕೊಳೆತುಹೋಗುತ್ತದೆ, ಇವರು ಸ್ತೋತ್ರ ಹಾಡುತ್ತ ಕೂತಿರುತ್ತಾರೆ.

ಸುದ್ದಿ ಮುಟ್ಟಿ ದೇವದುರ್ಗ ತಾಲೂಕಿನ ಗೂಗಲ್ಲಿನಿಂದ ಅವ್ವನ ತಾಯಿ ಬಂದಳು. ಅಜ್ಜಿ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದವಳೇ, ಆದರೆ ದೇವಿಯನ್ನು ಬೈದು ಬೆಳೆದ ಬಾಯಿ. ಮಗು ಜ್ವರ ಬಂದು ಮಲಗಿದರೆ ಅವಳ ಓಣಿಯ ಹೆಂಗಸರು ಸೆರಗು ಸಿಕ್ಕಿಸಿ ಗುಡಿಯ ಮುಂದೆ ನಿಂತು ಬೈಯುತ್ತಿದ್ದರಂತೆ. ನನ್ನ ಬೆರಳು ನೋಡಿದ್ದೇ ಹಿರಿಯರೆದುರಿಗೇ ಸೂರಿನ ಕಡೆ ಮುಖವೆತ್ತಿದಳು. "ಏನಪಾ ಯೆಹೋವಾ, ಕೂಸಿನ ಮ್ಯಾಲ ಏನು ನಿನ್ನ ಗಂಡಸ್ತನ? ಕಣ್ಣು ಅದಾವೋ ಇಲ್ಲೋ ನಿನಗ?"

ಹಿರಿಯರು ಕಿವಿ ಮುಚ್ಚಿಕೊಂಡರು. "ಅತ್ತಿ, ಹಂಗನಬ್ಯಾಡ್ರಿ, ದೇವದೂಷಣೆ ಆಗ್ತದ!" ಎಂದ ಅಪ್ಪ.

"ದೇವರು ಎಲ್ಲಾರ್ನೂ ಸುಟ್ಟುಬಿಡ್ತೀನಿ ಅಂದಾಗ ಬ್ಯಾಡ ಅಂತ ಅಡ್ಡ ನಿಂತವನ ಕತಿ ಬೈಬಲಿನಾಗ ಐತಂತ ನೀವ ಹೇಳೀರಲ್ರೀ? ಅವ ಮಂದಿ ಸಲುವಾಗಿ ನಿಂತ. ನಿಮ್ಮ ಮಗಳ ಸಲುವಾಗಿ ನೀವ್ಯಾಕ ನಿಂದ್ರವಲ್ರಿ?"

 ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಹೊತ್ತು ರಾಯಚೂರಿನ ಬಸ್ಸು ಹತ್ತಿದ. ಪ್ಲಾಸ್ಟರು ಕೊಯ್ದ ಡಾಕ್ಟರು ಅವನಿಗೆ ಬಾಯಿಗೆ ಬಂದಂತೆ ಬೈದರು. ಎರಡು ಬೆರಳು ತೆಗೆದರು. ಕಾಲು ಉಳಿಯಿತು.

ಊರಿಗೆ ಮರಳಿದ ಭಾನುವಾರ ನನ್ನ ಕೈಗೆ ಊರುಗೋಲು ಕೊಟ್ಟು ಸಭೆಯ ಮುಂದೆ ನಿಲ್ಲಿಸಿದರು. ದೇವರು ನನ್ನನ್ನು ತಿದ್ದಿದ, ಆತನಿಗೆ ಸ್ತೋತ್ರ ಎಂದು ಸಾಕ್ಷಿ ಹೇಳಬೇಕಂತೆ. ಬಾಗಿಲವರೆಗೂ ಜನ ಕೂತಿದ್ದರು, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.  ಕಣ್ಣು ಮುಚ್ಚಿ ಕೇಳಿಯೇ ಬಿಟ್ಟೆ: "ದೇವರೇ, ನಾ ಏನು ಮಾಡೀನಂತ ನನ್ನ ಬೆರಳು ಕಸಗೊಂಡಿ?"

ಯಾರೂ ಆಮೆನ್ ಅನ್ನಲಿಲ್ಲ. ಈಗ ಗದರುತ್ತಾನೆ ಎಂದು ಹಿರಿಯರು ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಪಕ್ಕಕ್ಕೆ ಬಂದು ಮೊಣಕಾಲೂರಿದ. ಅವನೊಬ್ಬನೇ, "ಆಮೆನ್" ಅಂದ.