ಅಮೆ ಬಂದರೆ ವಾಟರ್ ಪಾರ್ಕು

ಉದ್ಯಾವರದ ಜನಾರ್ದನ ಭಟ್ಟರಿಗೆ ಹತ್ತೊಂಬತ್ತು ವರ್ಷಗಳಲ್ಲಿ ಸಿಕ್ಕಿದ ರಜೆಗಳೆಲ್ಲ ಯಾರಾದರೂ ಸತ್ತದ್ದಕ್ಕೆ, ಇಲ್ಲವೇ ಯಾರಾದರೂ ಹುಟ್ಟಿದ್ದಕ್ಕೆ ಸಿಕ್ಕಿದವು. ದೇವಿಗೆ ಭಾನುವಾರ ಇಲ್ಲ, ಎರಡನೇ ಶನಿವಾರ ಇಲ್ಲ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆಯಬೇಕು, ಮಧ್ಯಾಹ್ನದ ನೈವೇದ್ಯ ಆಗಬೇಕು, ಸಂಜೆ ದೀಪ ಹಚ್ಚಬೇಕು, ಪೂಜೆ ಮುಗಿಸಿ ಬಾಗಿಲು ಹಾಕಬೇಕು. ಜ್ವರ ಬಂದರೆ ಮಾತ್ರೆ ನುಂಗಿ ಮೀಯಬೇಕು. ಆದರೆ ದಾಯಾದಿಗಳ ಮನೆಯಲ್ಲಿ ಸಾವಾದರೆ ಸೂತಕ, ಹೆರಿಗೆಯಾದರೆ ಅಮೆ. ಎರಡಕ್ಕೂ ಹತ್ತು ದಿನದ ಮೈಲಿಗೆ. ಆ ಹತ್ತು ದಿನ ಭಟ್ಟರು ಬೇಕೆಂದರೂ ಗರ್ಭಗುಡಿಯ ಮೆಟ್ಟಿಲು ತುಳಿಯುವಂತಿಲ್ಲ. ಬೇರೆಯವರ ಹುಟ್ಟುಸಾವನ್ನು ನೋಡಿಕೊಂಡು ರಜೆ ಸಿಗುವ ಕೆಲಸ ಇನ್ನೊಂದು ಇದ್ದರೆ ಯಾರಾದರೂ ಹೇಳಲಿ, ನೋಡೋಣ.

ಮಗಳು ಶರ್ವಾಣಿಗೆ ಆರು ವರ್ಷವಾಗಿದ್ದಾಗ, ಪಕ್ಕದ ಮನೆಯ ಆಶ್ಲಿ ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಹತ್ತಿರದ ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿಬಂದಳು. ಬಂದವಳು ಸುಮ್ಮನಿದ್ದಳೇ? ನೀರಿನ ಜಾರುಬಂಡೆ, ಆಕಾಶಕ್ಕೆ ಎತ್ತಿ ಕೆಳಗೆ ಬಿಡುವ ಕುರ್ಚಿ, ಸಮುದ್ರವಿಲ್ಲದ ಊರಿನಲ್ಲಿ ಅಲೆ ಎಬ್ಬಿಸುವ ಕೊಳ ಎಂದೆಲ್ಲ ಒಂದು ವಾರ ಬೇಲಿಯಾಚೆಯಿಂದ ವರದಿ ಒಪ್ಪಿಸಿದಳು. ಶರ್ವಾಣಿ ಅಪ್ಪನ ಮುಂದೆ ಬಂದು ನಿಂತಳು. ಭಟ್ಟರು ಹಿಂದೆಮುಂದೆ ನೋಡದೆ, "ಮುಂದಿನ ವರ್ಷ ಹೋಗುವ ಮಗಾ" ಎಂದುಬಿಟ್ಟರು. ಮಾತಿಗೆ ತಪ್ಪಬಾರದೆಂದು ಆ ವಾರವೇ ಕಾಪು ಬೀಚಿನ ಅಂಗಡಿಯಿಂದ ಬಾತುಕೋಳಿಯ ಮುಖದ, ಊದಿದರೆ ಉಬ್ಬುವ ಹಳದಿ ಟ್ಯೂಬನ್ನೂ ತಂದುಕೊಟ್ಟರು.

ಆ ಶರ್ವಾಣಿ ಈಗ ಒಂಬತ್ತನೇ ಕ್ಲಾಸು. ಅಮ್ಮನಿಗಿಂತ ಎರಡು ಬೆರಳು ಎತ್ತರ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಆಮೇಲೆ ಅಪ್ಪ ಅಮ್ಮನ ಜೊತೆ ಎಲ್ಲಿಗಾದರೂ ಹೋಗುವ ವಯಸ್ಸೇ ದಾಟಿಹೋಗುತ್ತದೆ. ಶಾಲೆ ಶುರುವಾದ ಜೂನ್ ತಿಂಗಳಲ್ಲಿ ಅವಳೇ ಒಂದು ದಿನ ದೋಸೆ ತಿನ್ನುತ್ತಾ ಹೇಳಿದಳು: "ಈ ವರ್ಷ ಆಗದಿದ್ರೆ ಬಿಡಿ ಅಪ್ಪ. ಇನ್ನು ಕೇಳುದಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಭಟ್ಟರೂ ಒಮ್ಮೆ ಗದರಿ ಮುಗಿಸುತ್ತಿದ್ದರು. ಅವಳು ಸಿಟ್ಟಿಲ್ಲದೆ ಹೇಳಿದಳು. ಅದೇ ಅವರಿಗೆ ಚುಚ್ಚಿತು.

ಅಂದಿನಿಂದ ಹೆಂಡತಿ ಸುಭಾಷಿಣಿ ಫೋನು ಹಿಡಿದು ಕೂತಳು. ಥೀಮ್ ಪಾರ್ಕಿಗೆ ಹೋಗಲು ವರ್ಷದಲ್ಲಿ ಒಳ್ಳೆಯ ಸಮಯ ಯಾವುದು ಎಂದು ಫೋನು ಹೇಳುತ್ತಿತ್ತು, ಯಾಕೆ ಆಗುವುದಿಲ್ಲ ಎಂದು ಭಟ್ಟರು ಹೇಳುತ್ತಿದ್ದರು.

"ಮಳೆಗಾಲದಲ್ಲಿ ರಶ್ ಇಲ್ಲವಂತೆ ಮಾರಾಯ್ರೆ."

"ಅನಂತೇಶ ಭಟ್ರು ಮಳೆಗಾಲದಲ್ಲಿ ಸಂತೆಕಟ್ಟೆ ಬಿಟ್ಟು ಹೊರಗೆ ಕಾಲಿಡುದಿಲ್ಲ. ಅವರಿಗೆ ದಮ್ಮು ಉಂಟಲ್ಲ." ಅನಂತೇಶ ಭಟ್ಟರೆಂದರೆ ಜನಾರ್ದನ ಭಟ್ಟರಿಗೆ ಮೈಲಿಗೆ ಬಂದಾಗಲೆಲ್ಲ ಬದಲಿಗೆ ಬಂದು ಪೂಜೆ ಮಾಡುವ ಸಂತೆಕಟ್ಟೆ ಊರಿನ ಹಿರಿಯರು.

"ಮಳೆ ಬಿಟ್ಟ ಮೇಲೆ?"

"ಆಗಸ್ಟ್ ಸೆಪ್ಟೆಂಬರಲ್ಲಿ ಸೋಣೆ ತಿಂಗಳ ಪೂಜೆ. ಅದು ಮುಗಿದ್ರೆ ನವರಾತ್ರಿ. ಆಮೇಲೆ ಕಾರ್ತಿಕದ ದೀಪ, ಆಮೇಲೆ ಧನುರ್ಮಾಸ. ಧನುರ್ಮಾಸದಲ್ಲಿ ಮೂರು ಗಂಟೆಗೆ ಏಳ್ಬೇಕು, ಗೊತ್ತುಂಟಲ್ಲ?"

"ಮೇ ತಿಂಗಳು?"

"ಮೇ ತಿಂಗಳಲ್ಲಿ ಹೋಗ್ಬಾರ್ದು ಅಂತ ನಿನ್ನ ಫೋನೇ ಹೇಳಿತಲ್ಲ. ಒಂದೊಂದು ಜಾರುಬಂಡೆಗೆ ಒಂದೊಂದು ಗಂಟೆ ಕ್ಯೂ ಅಂತೆ."

ಸುಭಾಷಿಣಿ ಫೋನನ್ನು ಮಗುಚಿ ಹಾಕಿದಳು. "ರಜೆ ಕೇಳಿ ನೋಡಿ ಅಲ್ವಾ? ದೂಮಪ್ಪಣ್ಣ ಎಂತ ನಿಮ್ಮನ್ನು ನುಂಗ್ತಾರಾ?"

ಅದೊಂದು ಮಾತಿಗೆ ಮಾತ್ರ ಭಟ್ಟರು ಕಿವುಡರು. ಹಿಂದೆ ಹತ್ತಿರದ ಇನ್ನೊಂದು ದೇವಸ್ಥಾನದ ಭಟ್ಟರೊಬ್ಬರು ಕಾಶಿಗೆಂದು ಎಂಟು ದಿನ ರಜೆ ಕೇಳಿ ಹೋಗಿ ಬರುವಷ್ಟರಲ್ಲಿ, ಬದಲಿಗೆ ಬಂದವನೇ ಅಲ್ಲಿ ಗಟ್ಟಿಯಾಗಿ ಕೂತಿದ್ದ. ಜನಾರ್ದನ ಭಟ್ಟರ ಎದೆಯಲ್ಲಿ ಆ ಕಥೆ ಮುಳ್ಳಿನಂತೆ ಉಳಿದಿತ್ತು. ಮೈಲಿಗೆಯ ರಜೆಗೆ ಆ ಭಯವಿಲ್ಲ. ಅದನ್ನು ಕೇಳಬೇಕಾಗಿಲ್ಲ, ಯಾರೂ ಬೇಡವೆನ್ನುವಂತಿಲ್ಲ. ಅದಕ್ಕೇ ಮೊಕ್ತೇಸರ ದೂಮಪ್ಪನವರ ಮುಂದೆ ಅವರು ಹತ್ತೊಂಬತ್ತು ವರ್ಷ 'ರಜೆ' ಎಂಬ ಶಬ್ದವನ್ನೇ ಎತ್ತಿರಲಿಲ್ಲ.

ಹಾಗಾದರೆ ಮೈಲಿಗೆ ಬಂದಾಗಲಾದರೂ ಹೋಗಬಹುದಿತ್ತಲ್ಲ ಎಂದರೆ, ಅದಕ್ಕೂ ಒಂದು ಕಥೆ ಇದೆ. ಮೂರು ವರ್ಷದ ಹಿಂದೆ ನವರಾತ್ರಿಯ ಮೊದಲ ದಿನವೇ ಕಾರ್ಕಳದಿಂದ ಫೋನು ಬಂತು. ಭಟ್ಟರು ಮುಖವನ್ನೂ ನೋಡದ ದಾಯಾದಿ ಅಜ್ಜ ತೀರಿಹೋಗಿದ್ದರು. ವರ್ಷಕ್ಕೊಮ್ಮೆ ಬರುವ ನವರಾತ್ರಿ ಕೈತಪ್ಪಿತು. ದೇವಿಯ ಅಲಂಕಾರವನ್ನು ಅನಂತೇಶ ಭಟ್ಟರು ಮಾಡುತ್ತಿದ್ದರೆ ಇವರು ಮನೆಯ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. "ಹೇಗೂ ಹತ್ತು ದಿನ ಉಂಟಲ್ಲ, ಮಗಳಿಗೂ ದಸರಾ ರಜೆ, ಹೋಗಿ ಬರುವನಾ?" ಎಂದು ಸುಭಾಷಿಣಿ ಕೇಳಿದ್ದಕ್ಕೆ ಮನೆಯ ಹೆಂಚು ಹಾರುವ ಹಾಗೆ ಕೂಗಾಡಿದರು. ಆ ಸಿಟ್ಟು ಅಷ್ಟಕ್ಕೇ ಇಳಿಯಲಿಲ್ಲ. ಮರುವರ್ಷ ಮಣಿಪಾಲದ ಕಲ್ಯಾಣ ಮಂಟಪದಲ್ಲಿ ದಾಯಾದಿ ತಮ್ಮ ಕೃಷ್ಣಪ್ರಸಾದನ ಮದುವೆಯಾದಾಗ, ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಹತ್ತು ದಿನ ತಡೆದು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು? ಪೂಜೆಯವನಿಗೆ ಸುದ್ದಿ ಹೇಳುವಾಗ ಸ್ವಲ್ಪ ಆಲೋಚನೆ ಬೇಡವಾ?"

ಪಾಯಸದ ಜೊತೆ ಎಲ್ಲರೂ ಆ ಮಾತನ್ನು ನುಂಗಿದರು. ಮದುಮಗನೂ ಕೇಳಿಸಿಕೊಂಡಿದ್ದ.

ಈ ಕೃಷ್ಣಪ್ರಸಾದ ನಿಟ್ಟೆಯಲ್ಲಿ ಕಾಲೇಜು ಹಾಸ್ಟೆಲಿನ ಆಫೀಸಿನಲ್ಲಿ ಗುಮಾಸ್ತ. ಅವನ ಹೆಂಡತಿ ವಿಭಾಳ ಸೀಮಂತ ನವೆಂಬರಿನಲ್ಲಿ ಕಾರ್ಕಳದಲ್ಲಿ ನಡೆಯಿತು. ಮಧ್ಯಾಹ್ನದ ಪೂಜೆ ಮುಗಿಸಿ ಓಡಿದ ಭಟ್ಟರು ಹೆಂಡತಿ ಮಗಳೊಂದಿಗೆ ಕೊನೆಯ ಪಂಕ್ತಿಯಲ್ಲಿ ಉಂಡು, ಸಂಜೆಯ ದೀಪಕ್ಕೆ ಮುಟ್ಟಬೇಕೆಂದು ಕೂಡಲೇ ಬಸ್ಸು ಹತ್ತಿದರು. ಬಸ್ಸಿನಲ್ಲಿ ಸುಭಾಷಿಣಿ ಗಂಡನ ಕಿವಿಗೆ ಬಾಯಿ ತಂದಳು.

"ಜನವರಿ ಮೂರನೇ ವಾರ ಡೇಟ್ ಕೊಟ್ಟಿದ್ದಾರಂತೆ."

"ಯಾರಿಗೆ?"

"ವಿಭಾಳಿಗೆ, ಮತ್ತೆ ಯಾರಿಗೆ? ಧನುರ್ಮಾಸ ಮುಗಿದಿರ್ತದೆ. ನಿಮ್ಮ ಉತ್ಸವಕ್ಕೆ ಮತ್ತೂ ಒಂದು ತಿಂಗಳು ಉಂಟು. ಮಳೆ ಇಲ್ಲ, ಸೆಕೆ ಇಲ್ಲ, ಶಾಲೆಗೆ ರಜೆ ಇಲ್ಲದ ಕಾರಣ ರಶ್ಶೂ ಇಲ್ಲ. ಫೋನಲ್ಲಿಯೂ ಅದೇ ಒಳ್ಳೆ ಸಮಯ ಅಂತ ಉಂಟು. ಅಮೆ ಬಂದ್ರೆ ಹತ್ತು ದಿನ!"

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ಕಿಟಕಿಯಾಚೆ ನೋಡಿದಳು. ಪಾಪ, ಇನ್ನೊಬ್ಬಳ ಹೆರಿಗೆಯಲ್ಲಿ ತನ್ನ ಪ್ರವಾಸದ ತಾರೀಕು ಹುಡುಕುವುದು ಅವಳಿಗೂ ಬೇಕಿರಲಿಲ್ಲ. ಆದರೆ ಅಮೆಯವರು ದೇವಸ್ಥಾನದೊಳಗೆ ಹೋಗಬಾರದೆಂದು ಶಾಸ್ತ್ರ ಹೇಳುತ್ತದೆಯೇ ಹೊರತು ನೀರಿನ ಜಾರುಬಂಡೆ ಹತ್ತಬಾರದೆಂದು ಎಲ್ಲೂ ಹೇಳಿಲ್ಲ. ಭಟ್ಟರು ನಿಟ್ಟೆ ತಲುಪುವವರೆಗೆ ಆಲೋಚಿಸಿ, "ಆಗಬಹುದು" ಎಂದರು. ಹಿಂದಿನ ಸೀಟಿನಿಂದ ಶರ್ವಾಣಿ ಅಪ್ಪನ ಹೆಗಲನ್ನು ಗಟ್ಟಿಯಾಗಿ ಹಿಡಿದಳು. ಆ ಹಿಡಿತದಲ್ಲಿ ಆರು ವರ್ಷದ ಮಗು ಹಾಗೇ ಇತ್ತು.

ಜನವರಿ ಬಂದಾಗ ಮನೆಯ ಕಪಾಟಿನ ಮೇಲೆ ಒಂದು ಬ್ಯಾಗು ತುಂಬಿ ಕೂತಿತ್ತು. ಪಂಚೆ ಉಟ್ಟವರನ್ನು ನೀರಿಗೆ ಬಿಡುವುದಿಲ್ಲವೆಂದು ಶರ್ವಾಣಿ ಉಡುಪಿಯಿಂದ ಅಪ್ಪನಿಗೊಂದು ನೈಲಾನ್ ಚಡ್ಡಿ ತಂದಿದ್ದಳು. ಭಟ್ಟರು ಬಾಗಿಲು ಹಾಕಿಕೊಂಡು ಅದನ್ನು ಹಾಕಿ ನೋಡಿದರು. ಕನ್ನಡಿಯೊಳಗೆ ಜುಟ್ಟು, ಜನಿವಾರ, ನೀಲಿ ಚಡ್ಡಿ. ಎಷ್ಟೋ ವರ್ಷದ ಮೇಲೆ ಅವರು ಒಬ್ಬರೇ ನಿಂತು ನಕ್ಕರು.

ಮೂರನೇ ವಾರ ಕಳೆಯಿತು. ಫೋನು ಬರಲಿಲ್ಲ. ಭಟ್ಟರು ಪ್ರತಿ ಪೂಜೆ ಮುಗಿದ ಕೂಡಲೇ ಮಡಿಯ ಕೈಯಿಂದ ಫೋನು ಮುಟ್ಟದೆ ಬಗ್ಗಿ ನೋಡುತ್ತಿದ್ದರು. ನಾಲ್ಕನೇ ವಾರವೂ ಮುಗಿಯತೊಡಗಿತು.

"ನೀವೇ ಒಂದು ಫೋನ್ ಮಾಡಿ ಕೇಳಿ ಅಲ್ವಾ?" ಎಂದಳು ಸುಭಾಷಿಣಿ.

"ಎಂತ ಅಂತ ಕೇಳುದು? ಹೆತ್ತಾಯ್ತಾ ಅಂತವಾ? ಅವರು ಎಂತ ಎಣಿಸಿಯಾರು?"

ಅವರು ಏನೂ ಎಣಿಸುತ್ತಿರಲಿಲ್ಲ. ದಾಯಾದಿ ಅಣ್ಣ ಕೇಳಿದರೆ ಸಂತೋಷವನ್ನೇ ಪಡುತ್ತಿದ್ದರು. ಆದರೆ ಭಟ್ಟರ ಹೊಟ್ಟೆಯೊಳಗೆ ಬೇರೆ ಆಸೆ ಇತ್ತಲ್ಲ, ಅದಕ್ಕೆ ನಾಲಿಗೆ ಏಳಲಿಲ್ಲ.

ಫೆಬ್ರವರಿಯ ಮೊದಲ ಭಾನುವಾರ, ಊಟಕ್ಕೆ ಕೂರುವಾಗ ಫೋನು ಬಡಿದುಕೊಂಡಿತು. ಶರ್ವಾಣಿಯೇ ಸ್ಪೀಕರ್ ಹಾಕಿದಳು.

"ಜನಾರ್ದನಣ್ಣ, ಹೆಣ್ಣು ಮಗು! ಇಬ್ಬರೂ ಸೌಖ್ಯ," ಎಂದಿತು ಕೃಷ್ಣಪ್ರಸಾದನ ದನಿ. "ಇವತ್ತು ಹನ್ನೊಂದನೇ ದಿನ. ಈಗ ಪುಣ್ಯಾಹ ಮುಗೀತು ನೋಡಿ, ಮುಗಿದ ಕೂಡ್ಲೆ ಮೊದಲ ಫೋನ್ ನಿಮಗೇ."

"ಹನ್ನೊಂದಾ?" ಎಂದರು ಭಟ್ಟರು.

"ಹೌದಣ್ಣ. ಹುಟ್ಟಿದ ದಿನವೇ ಫೋನ್ ತೆಗೆದಿದ್ದೆ. ಆಮೇಲೆ ನೀವು ನನ್ನ ಮದುವೆಯ ದಿನ ಹೇಳಿದ್ದು ನೆನಪಾಯ್ತು. ನಿಮ್ಮ ಪೂಜೆ ನಿಲ್ಲಬಾರದಲ್ಲ? ಮನೆಯವರಿಗೆಲ್ಲ ತಾಕೀತು ಮಾಡಿದೆ, ಉದ್ಯಾವರಕ್ಕೆ ಮಾತ್ರ ಯಾರೂ ಸುದ್ದಿ ಮುಟ್ಟಿಸ್ಬೇಡಿ ಅಂತ. ಸರಿ ಮಾಡಿದೆ ಅಲ್ವಾ ಅಣ್ಣ?"

ಬಡಿಸುತ್ತಿದ್ದ ಸೌಟು ಸುಭಾಷಿಣಿಯ ಕೈಯಲ್ಲೇ ನಿಂತಿತು. ಅಯ್ಯೋ, ಇಷ್ಟು ಒಳ್ಳೆಯ ಮನಸ್ಸಿನವನಿಗೆ ಬೈಯುವುದಾದರೂ ಹೇಗೆ?

"ಸರಿ ಮಾಡಿದೆ ಮಾರಾಯ," ಎಂದರು ಭಟ್ಟರು. "ದೊಡ್ಡ ಉಪಕಾರ ಆಯ್ತು. ಮಗುವಿಗೆ ಒಳ್ಳೆದಾಗ್ಲಿ."

ಫೋನು ಇಟ್ಟ ಮೇಲೆ ಶರ್ವಾಣಿ ಮೆಲ್ಲಗೆ ಕೇಳಿದಳು: "ಅಪ್ಪ, ನಮಗೆ ಗೊತ್ತಾದದ್ದು ಇವತ್ತು ಅಲ್ವಾ? ಹಾಗಾದ್ರೆ ಇವತ್ತಿನಿಂದ ಹತ್ತು ದಿನ ಅಲ್ವಾ?"

"ಅಲ್ಲ ಮಗಾ. ಹತ್ತು ದಿನ ಕಳೆದ ಮೇಲೆ ಕೇಳಿದ್ರೆ ಮೈಲಿಗೆ ಇಲ್ಲ. ಮಿಂದ್ರೆ ಮುಗೀತು."

ಅವಳು "ಹೂಂ" ಎಂದು ಅನ್ನಕ್ಕೆ ಸಾರು ಕಲೆಸತೊಡಗಿದಳು. ಹೇಳಿದ ಮಾತಿನಂತೆ ಮತ್ತೆ ಕೇಳಲಿಲ್ಲ. ಭಟ್ಟರು ಊಟ ಬಿಟ್ಟೆದ್ದು ಬಚ್ಚಲಿಗೆ ಹೋಗಿ ಕೊಡಗಟ್ಟಲೆ ನೀರು ಸುರಿದುಕೊಂಡರು. ಒಂದು ಕೊಡ ಸಾಕಿತ್ತು. ಆದರೆ ಅಳುವ ಗಂಡಸಿಗೆ ಬಚ್ಚಲು ಒಳ್ಳೆಯ ಜಾಗ.

ಮೀಯುವಾಗಲೇ ಅವರ ತಲೆಗೆ ಒಂದು ಆಲೋಚನೆ ಹೊಕ್ಕಿತು. ಮೈಲಿಗೆ ಎಷ್ಟು ದಿನ ಎಂದು ಊರಿಗೆಲ್ಲ ಹೇಳುವವರೇ ಅವರು. "ಇವತ್ತಿನಿಂದ ಅಮೆ" ಎಂದು ದೂಮಪ್ಪನವರಿಗೆ ಹೇಳಿದರೆ ಯಾರು ಎದುರು ಕೇಳುತ್ತಾರೆ? ಯಾರೂ ಇಲ್ಲ. ಸುಳ್ಳೆಂದು ಗೊತ್ತಾಗುವುದು ತನಗೆ ಮತ್ತು ದೇವಿಗೆ ಮಾತ್ರ.

ಸಂಜೆ ಬಾಗಿಲು ತೆಗೆಯುವ ಮೊದಲು ಅವರು ದೇವಸ್ಥಾನದ ಅಂಗಳದಲ್ಲಿ ನಿಂತರು. ಹೆಂಚಿನ ಅಂಗಡಿ ಮುಚ್ಚಿ ಬಂದಿದ್ದ ದೂಮಪ್ಪನವರು ಇವರ ಮುಖ ನೋಡಿದ ಕೂಡಲೇ ಕೇಳಿದರು: "ಎಂತ ಭಟ್ರೇ, ಮೈಲಿಗೆಯಾ?"

ತಲೆ ಆಡಿಸಿದ್ದರೆ ಸಾಕಿತ್ತು. ಬಾಯಿ ತೆರೆಯುವ ಕೆಲಸವೂ ಇರಲಿಲ್ಲ. ಜನಾರ್ದನ ಭಟ್ಟರು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದರು.

"ಅಲ್ಲ," ಎಂದರು. "ನನಗೆ ಎರಡು ದಿನ ರಜೆ ಬೇಕಿತ್ತು. ಮಗಳನ್ನು ವಾಟರ್ ಪಾರ್ಕಿಗೆ ಕರ್ಕೊಂಡು ಹೋಗ್ಲಿಕ್ಕೆ."

ದೂಮಪ್ಪನವರು ಕಣ್ಣು ಮಿಟುಕಿಸಿದರು. "ಅಷ್ಟೇಯಾ? ಎರಡು ದಿನ ಸಾಲುದಿಲ್ಲ ಮಾರಾಯ್ರೆ, ಮೂರು ತೆಗೊಳ್ಳಿ. ಅನಂತೇಶ ಭಟ್ರಿಗೆ ನಾನೇ ಫೋನ್ ಮಾಡ್ತೇನೆ." ಮತ್ತೆ ಹೊರಡುತ್ತಾ ತಿರುಗಿ ನಿಂತರು. "ನೀವು ಒಂದು ಸಲವೂ ಕೇಳಿದವರಲ್ಲ. ಭಟ್ರಿಗೆ ಎಲ್ಲಿಗೂ ಹೋಗ್ಲಿಕ್ಕೆ ಮನಸ್ಸಿಲ್ಲ ಅಂತ ನಾವು ಎಣಿಸಿದ್ದು."

ಪೂಜೆ ಮುಗಿಸಿ ಭಟ್ಟರು ಮನೆಗೆ ಬಂದು ವಿಷಯ ಹೇಳಿದಾಗ ಶರ್ವಾಣಿ ಕಿರುಚಿಕೊಂಡು ಕಪಾಟಿನ ಮೇಲಿನ ಬ್ಯಾಗನ್ನು ಎಳೆದು ಹಾಕಿದಳು. ಬ್ಯಾಗಿನ ತಳದಿಂದ ಮಡಚಿದ ಹಳದಿ ಟ್ಯೂಬು ಹೊರಗೆ ಬಿತ್ತು. ಸುಭಾಷಿಣಿಯೇ ಅದನ್ನು ಸೇರಿಸಿದ್ದಿರಬೇಕು. ಶರ್ವಾಣಿ ಅದನ್ನು ಬಿಡಿಸಿ ಹಿಡಿದು ನಕ್ಕಳು. "ಅಮ್ಮ, ಇದು ಈಗ ನನ್ನ ತೋಳಿಗೆ ಮಾತ್ರ ಆದೀತು!"

ಸುಭಾಷಿಣಿ ನಗಲಿಲ್ಲ. "ಕೇಳಿದ ಕೂಡ್ಲೆ ಕೊಟ್ರಾ?" ಎಂದು ಗಂಡನನ್ನು ಕೇಳಿದಳು.

"ಹೂಂ."

"ಒಂದೇ ಮಾತಿಗೆ?"

"ಹೂಂ."

"ಹಾಗಾದ್ರೆ ಅವಳಿಗೆ ಆರು ವರ್ಷ ಆಗಿದ್ದಾಗ ಕೇಳಿದ್ರೂ ಕೊಡ್ತಿದ್ರು."

ಭಟ್ಟರು ಜಗಲಿಯ ಅಂಚಿನಲ್ಲಿ ಕುಸಿದು ಕೂತರು. ಶರ್ವಾಣಿ ಬಂದು ಟ್ಯೂಬನ್ನು ಅವರ ಮಡಿಲಿಗೆ ಹಾಕಿ, ಪಕ್ಕದಲ್ಲಿ ಕೂತು, "ಯಾವಾಗ ಹೋಗುದು ಅಪ್ಪ?" ಎಂದಳು. ಹನ್ನೆರಡು ತಿಂಗಳಿಗೂ ಒಂದೊಂದು ಕಾರಣ ಬಾಯಿಪಾಠವಿದ್ದ ಜನಾರ್ದನ ಭಟ್ಟರು ಆ ಪ್ಲಾಸ್ಟಿಕ್ಕಿನ ಬಾತುಕೋಳಿಯನ್ನು ಅಂಗೈಯಿಂದ ಒರೆಸುತ್ತಾ, "ನೀನೇ ಹೇಳು ಮಗಾ" ಎಂದರು.