ನೋಡದೆ ಬರೆದ ಒಂಬತ್ತು

ಪೋಜ್ನಾನ್ ನಗರದ ಆಚೆಗಿರುವ ನಮ್ಮ ತಳಿ ಪರೀಕ್ಷಾ ಕೇಂದ್ರದಲ್ಲಿ ಬೆಳೆಗೆ ಅಂಕ ಹಾಕುವುದು ಇಬ್ಬರ ಕೆಲಸ. ಒಬ್ಬರು ಎಲೆ ನೋಡಿ ಅಂಕ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಒಂಬತ್ತು ಎಂದರೆ ರೋಗವೇ ಇಲ್ಲ. ಒಂದು ಎಂದರೆ ಬೆಳೆಯ ಆಸೆ ಬಿಟ್ಟಂತೆ. ಹದಿನಾಲ್ಕು ವರ್ಷ ಲುತ್ಸಿನಾ ಕೂಗಿದರು, ಯಾನಿನಾ ಬರೆದರು. ಯಾನಿನಾ ತೀರಿಕೊಂಡ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಮೊದಲೇ ಮನೆಯಲ್ಲಿ ಒಂಟಿಯಾಗಿದ್ದ ಲುತ್ಸಿನಾ ಈಗ ಹೊಲದಲ್ಲೂ ಒಂಟಿ. ಅಂಕವನ್ನು ತಾವೇ ಕೂಗಿ ತಾವೇ ಬರೆದುಕೊಳ್ಳುತ್ತಿದ್ದರು.

ಗೋಧಿಯನ್ನೂ ರೈ ಎಂಬ ಚಳಿನಾಡಿನ ಧಾನ್ಯವನ್ನೂ ಕೂಡಿಸಿ ಹುಟ್ಟಿಸಿದ ಹೊಸ ಧಾನ್ಯಕ್ಕೆ ನಮ್ಮವರು ಎರಡರ ಹೆಸರನ್ನೂ ಸೇರಿಸಿ ಗೋಧಿರೈ ಎನ್ನುತ್ತಾರೆ. ಅದಕ್ಕೆ ಎಲೆಯ ಮೇಲೆ ಬಿಳಿ ಹುಡಿಯಂತೆ ಹಬ್ಬುವ ಬೂದಿರೋಗ ಹತ್ತುವುದಿಲ್ಲವೆಂದು ಎಲ್ಲರ ನಂಬಿಕೆ. ಹಾಗಾಗಿ ಅಂಕಪಟ್ಟಿಯಲ್ಲಿ ಆ ರೋಗದ ಕಾಲಂ ತುಂಬಲು ಯಾರೂ ಹೊಲಕ್ಕೆ ಹೋಗುತ್ತಿರಲಿಲ್ಲ. ಕಚೇರಿಯಲ್ಲೇ ಚಹಾ ಕುಡಿಯುತ್ತ ಮೇಲಿಂದ ಕೆಳಗೆ ಒಂಬತ್ತು ಗೀಚಿಬಿಡುತ್ತಿದ್ದರು.

2003ರ ಜೂನ್‌ನಲ್ಲಿ ಲುತ್ಸಿನಾರ ಪೆನ್ಸಿಲ್ ಗೋಧಿರೈ ಮಡಿಯೊಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಕೆಳಗಿನ ಎಲೆಗಳ ಮೇಲೆ ಬಿಳಿ ಹುಡಿ ಕಂಡಿತು. ಕೇಂದ್ರದ ಮುಖ್ಯಸ್ಥ ಝೆನೋನ್‌ರನ್ನು ಕರೆತಂದು ತೋರಿಸಿದರು.

“ಪಕ್ಕದ ಗೋಧಿಯಿಂದ ಹಾರಿಬಂದು ಕೂತಿರುತ್ತೆ, ಲುತ್ಸಿನಾ ಅವ್ರೇ. ಒರೆಸಿ ನೋಡಿ.”

“ಒರೆಸಿದೆ. ಅಡಿಯಲ್ಲಿ ಎಲೆ ಹಳದಿಯಾಗಿದೆ. ಇದು ಬಂದು ಕೂತಿದ್ದಲ್ಲ, ಸಂಸಾರ ಹೂಡಿದೆ.”

“ಗೋಧಿಯ ಬೂದಿರೋಗ ಬೇರೆ, ರೈದು ಬೇರೆ. ಇದು ಯಾರ ರೋಗ ಅಂತೀರಿ? ಗೋಧಿದಾ, ರೈದಾ?”

“ಎರಡು ಬೆಳೆ ಕೂಡಿ ಇದು ಹುಟ್ಟಲಿಲ್ವಾ? ಎರಡರ ರೋಗ ಕೂಡೋದಕ್ಕೆ ಮಾತ್ರ ಮಡಿ ಮೈಲಿಗೆನಾ?”

ಝೆನೋನ್ ನಕ್ಕರು. “ಆಯ್ತು, ಇವತ್ತಿಂದ ನಾಲ್ಕು ಹಾಕಿ. ಹಳೇದನ್ನ ಮಾತ್ರ ಕೆದಕಬೇಡಿ.”

ಆದರೆ ರೋಗ ಯಾವಾಗ ಬಂತೆಂದು ಹೇಳಬೇಕಾದದ್ದು ಆ ಹಳೆಯ ಹಾಳೆಗಳೇ. ಅವು ಸುಳ್ಳೆಂದು ಒಪ್ಪಿಕೊಂಡರೆ ಯಾನಿನಾರ ಹೆಸರಿಗೂ ಮಸಿ. ಲುತ್ಸಿನಾರಿಗೆ ಉಳಿದಿದ್ದ ಗೆಳತಿ ಎಂದರೆ ಆ ಹಾಳೆಗಳಲ್ಲಿದ್ದ ಯಾನಿನಾರ ದುಂಡನೆಯ ಕೈಬರಹ ಒಂದೇ.

ಎರಡು ದಿನ ಹೊಸ ಹಾಳೆಯಲ್ಲಷ್ಟೇ ನಾಲ್ಕು ಬರೆದರು. ಮೂರನೆಯ ದಿನ ಹಳೆಯ ಹಾಳೆಗಳ ಕಪಾಟು ತೆಗೆದು, ಗೋಧಿರೈಯ ಪ್ರತಿ ಹಾಳೆಯಲ್ಲೂ ಒಂಬತ್ತುಗಳ ಪಕ್ಕ ಬರೆದರು: “ಕೂಗಬೇಕಾದವಳು ನಾನು. ನೋಡಲಿಲ್ಲ, ಕೂಗಲಿಲ್ಲ.” ಕೆಳಗೆ ತಮ್ಮ ಸಹಿ ಹಾಕಿದರು.

ಸುದ್ದಿ ಬೇರೆ ಕೇಂದ್ರಗಳಿಗೂ ಮುಟ್ಟಿತು. ನಮ್ಮ ಒಂಬತ್ತುಗಳ ಜೊತೆಗೆ ಅಲ್ಲಿಯವನ್ನೂ ಮೇಲಧಿಕಾರಿಗಳು ಪ್ರಶ್ನಿಸತೊಡಗಿದರು. “ಸತ್ಯವಂತೆ ಬಂದ್ಲು, ಜಾಗ ಬಿಡ್ರಪ್ಪಾ” ಎನ್ನುತ್ತ ನಮ್ಮ ಕೇಂದ್ರದವರು ಕ್ಯಾಂಟೀನಿನಲ್ಲಿ ಮೇಜನ್ನೇ ಬಿಟ್ಟೇಳುತ್ತಿದ್ದರು. ನಾನೂ ಎದ್ದವನೇ.

ಎಲೆ ಒಯ್ಯಲು ಬಂದ ಪ್ರಯೋಗಾಲಯದವರು ಕೇಳಿದರು, “ಮೊದಲು ಕಂಡಿದ್ದು ಯಾವ ವರ್ಷ?”

“ಕಂಡಿದ್ದು ಈ ವರ್ಷ,” ಎಂದರು ಲುತ್ಸಿನಾ. “ಬಂದಿದ್ದು ಯಾವಾಗಲೋ, ನನಗೆ ಗೊತ್ತಿಲ್ಲ.”